ಆರು ತಿಂಗಳ ಗೆರೆ: ಜನಗಣತಿಯಲ್ಲಿ ದುಡಿಮೆ ಮತ್ತು ನಿರುದ್ಯೋಗದ ಲೆಕ್ಕ

(ದತ್ತಿ ಉಪನ್ಯಾಸದ ಪಠ್ಯ)



ಅಂಕಿಅಂಶದ ಮೇಲೆ ಉಪನ್ಯಾಸ ಎಂದ ಕೂಡಲೇ ಹಿಂದಿನ ಸಾಲಿನವರು ಬಾಗಿಲ ಕಡೆ ನೋಡುವುದು ವಾಡಿಕೆ. ಅವರು ಎದ್ದು ಹೋಗುವ ಮೊದಲೇ ಮುಖ್ಯವಾದ ಮಾತನ್ನು ಹೇಳಿಬಿಡುತ್ತೇನೆ. ನಮ್ಮ ಜನಗಣತಿ ದುಡಿಯುವವರನ್ನು ಎಣಿಸಲು ರೂಪುಗೊಂಡದ್ದು. ದುಡಿಮೆ ಸಿಗದವರ ಲೆಕ್ಕ ಅದರಲ್ಲಿ ಉಪಪ್ರಶ್ನೆಯಾಗಿ ಬಂದು ಸೇರಿಕೊಂಡಿತು. ಹೀಗಾಗಿ ಈ ದೇಶದಲ್ಲಿ ಕೆಲಸದ ಬರ ಎಷ್ಟಿದೆ ಎಂದು ಗಣತಿಯ ಪುಸ್ತಕದಲ್ಲಿ ಹುಡುಕುವವರಿಗೆ 'ಕೆಲಸ ಮಾಡದವರು' ಎಂಬ ಕಾಲಂ ಒಂದೇ ಸಾಲದು. ಅದರ ಪಕ್ಕದಲ್ಲಿ ಯಾರ ಗಮನಕ್ಕೂ ಬೀಳದೆ ಕುಳಿತಿರುವ 'ಅಲ್ಪಾವಧಿ ಕೆಲಸಗಾರರು' ಎಂಬ ಕಾಲಂ ಓದಬೇಕು. ಬಡವರ ನಿರುದ್ಯೋಗದ ದೊಡ್ಡ ಪಾಲು ಅಲ್ಲಿ ಅಡಗಿದೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ವಿವರಣೆ.

ಪ್ರಶ್ನೆಗಳು ಬರುವ ಕ್ರಮ

ಕೊನೆಯ ಬಾರಿ ದೇಶದ ಎಲ್ಲ ಜನರನ್ನೂ ಎಣಿಸಿದ್ದು 2011ರಲ್ಲಿ. ಆ ವರ್ಷ ಫೆಬ್ರವರಿ 9ರಿಂದ 28ರವರೆಗೆ ಗಣತಿದಾರರು ಮನೆಮನೆಗೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ಶಾಲಾ ಶಿಕ್ಷಕರು. ಅವರ ಕೈಯಲ್ಲಿದ್ದ ಕುಟುಂಬದ ನಮೂನೆಯಲ್ಲಿ 29 ಪ್ರಶ್ನೆಗಳಿದ್ದವು. ಹೆಸರು, ವಯಸ್ಸು, ಧರ್ಮ, ಭಾಷೆ, ಅಕ್ಷರಜ್ಞಾನ ಎಲ್ಲ ಮುಗಿದ ಮೇಲೆ 16ನೆಯ ಪ್ರಶ್ನೆಯಿಂದ ದುಡಿಮೆಯ ಮಾತು ಶುರುವಾಗುತ್ತಿತ್ತು.

16ನೆಯದು: ಕಳೆದ ಒಂದು ವರ್ಷದಲ್ಲಿ ಈ ವ್ಯಕ್ತಿ ಯಾವಾಗಲಾದರೂ ಕೆಲಸ ಮಾಡಿದ್ದಾರೆಯೇ? ಉತ್ತರ ನಾಲ್ಕು ಬಗೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಮಾಡಿದ್ದರೆ ಮುಖ್ಯ ಕೆಲಸಗಾರರು. ಮೂರರಿಂದ ಆರು ತಿಂಗಳೊಳಗೆ ಮಾಡಿದ್ದರೆ ಅಲ್ಪಾವಧಿ ಕೆಲಸಗಾರರು. ಮೂರು ತಿಂಗಳಿಗೂ ಕಡಿಮೆ ಮಾಡಿದ್ದರೆ ಅವರೂ ಅಲ್ಪಾವಧಿಯವರೇ, ಆದರೆ ಬೇರೆ ಸಂಕೇತ. ಮಾಡಿಯೇ ಇಲ್ಲದಿದ್ದರೆ ಕೆಲಸ ಮಾಡದವರು. ಮುಂದಿನ ಪ್ರಶ್ನೆಗಳಲ್ಲಿ ಕೆಲಸ ಯಾವ ವರ್ಗದ್ದು, ವೃತ್ತಿ ಏನು, ಯಾವ ಉದ್ದಿಮೆ, ಮಾಲೀಕರೋ ನೌಕರರೋ ಒಂಟಿಯಾಗಿ ದುಡಿಯುವವರೋ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರೋ ಎಂಬ ವಿವರ. 21ನೆಯದು ಆರ್ಥಿಕವಲ್ಲದ ಚಟುವಟಿಕೆ: ವಿದ್ಯಾರ್ಥಿ, ಮನೆಗೆಲಸ, ಅವಲಂಬಿತರು, ಪಿಂಚಣಿದಾರರು, ಬಾಡಿಗೆ ಆದಾಯದವರು, ಭಿಕ್ಷುಕರು, ಇತರರು. 22ನೆಯದು: ಕೆಲಸ ಹುಡುಕುತ್ತಿದ್ದೀರಾ, ಸಿಕ್ಕರೆ ಮಾಡಲು ಸಿದ್ಧರಿದ್ದೀರಾ?

ಇಲ್ಲಿ ಒಂದು ಸೂಕ್ಷ್ಮವಿದೆ. 21 ಮತ್ತು 22ನೆಯ ಪ್ರಶ್ನೆಗಳನ್ನು ಕೇಳುವುದು ಅಲ್ಪಾವಧಿ ಕೆಲಸಗಾರರಿಗೆ ಮತ್ತು ಕೆಲಸ ಮಾಡದವರಿಗೆ ಮಾತ್ರ. ವರ್ಷದಲ್ಲಿ ಏಳು ತಿಂಗಳು ಗಾರೆ ಕೆಲಸ ಮಾಡಿ ಐದು ತಿಂಗಳು ಊರಿನ ಕಟ್ಟೆಯ ಮೇಲೆ ಕುಳಿತವನು ಮುಖ್ಯ ಕೆಲಸಗಾರ. ಅವನನ್ನು 'ಇನ್ನೂ ಕೆಲಸ ಬೇಕೇ' ಎಂದು ಗಣತಿ ಕೇಳುವುದೇ ಇಲ್ಲ. ಐದೂವರೆ ತಿಂಗಳು ಮಾಡಿದವನನ್ನು ಕೇಳುತ್ತದೆ. ಆರು ತಿಂಗಳು ಎಂಬ ಗೆರೆ ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಪ್ರಶ್ನೆ ನಿಲ್ಲುತ್ತದೆ.

ಕೆಲಸ ಎಂದರೆ ಏನು ಎಂಬುದಕ್ಕೂ ವ್ಯಾಖ್ಯೆಯಿದೆ. ಆರ್ಥಿಕವಾಗಿ ಉತ್ಪಾದಕವಾದ ಚಟುವಟಿಕೆಯಲ್ಲಿ ತೊಡಗುವುದು ಕೆಲಸ. ಅದಕ್ಕೆ ಕೂಲಿ ಸಿಗಲೇಬೇಕೆಂದಿಲ್ಲ. ಮೈಯ ದುಡಿಮೆಯೂ ಆಗಬಹುದು, ಬುದ್ಧಿಯದೂ ಆಗಬಹುದು. ಗದ್ದೆಯ ಬದುವಿನ ಮೇಲೆ ನಿಂತು ಆಳುಗಳಿಂದ ಕೆಲಸ ಮಾಡಿಸುವುದೂ ಕೆಲಸವೇ. ಮನೆಯ ಹೊಲದಲ್ಲಿ ಸಂಬಳವಿಲ್ಲದೆ ಕಳೆ ಕೀಳುವುದು ಕೆಲಸ. 2001ರಿಂದ, ಮನೆಯ ಬಳಕೆಗಷ್ಟೇ ಹಸು ಸಾಕಿ ಹಾಲು ಕರೆಯುವುದನ್ನೂ ಕೆಲಸವೆಂದೇ ಎಣಿಸುತ್ತಾರೆ. ಆ ಹಾಲನ್ನು ಕಾಯಿಸಿ ಮೊಸರು ಮಾಡಿ ಮಕ್ಕಳಿಗೆ ಬಡಿಸುವುದು ಮಾತ್ರ ಮನೆಗೆಲಸ. ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವ ಹತ್ತು ಹೆಜ್ಜೆಯಲ್ಲಿ ಅದೇ ಹೆಂಗಸು ಕೆಲಸಗಾರ್ತಿಯಿಂದ ಕೆಲಸ ಮಾಡದವಳಾಗುತ್ತಾಳೆ. ಮನೆ ಬಾಡಿಗೆಯಿಂದ ಲಕ್ಷಗಟ್ಟಲೆ ಬಂದರೂ ಬೇರೇನೂ ಮಾಡದವರು ಕೆಲಸ ಮಾಡದವರೇ. ಆದಾಯ ಬೇರೆ, ದುಡಿಮೆ ಬೇರೆ ಎಂಬ ಭೇದ ಈ ವ್ಯಾಖ್ಯೆಯ ಬೆನ್ನೆಲುಬು.

ಕೇಳುವ ರೀತಿ ಬದಲಾದಾಗ

ಈ ಭೇದ ಮೊದಲಿನಿಂದ ಇರಲಿಲ್ಲ. ದೇಶದಾದ್ಯಂತ ಏಕಕಾಲಕ್ಕೆ ಮೊದಲ ಗಣತಿ ನಡೆದದ್ದು 1881ರಲ್ಲಿ. ಅಲ್ಲಿಂದ 1951ರವರೆಗೆ ಗಣತಿಯ ಕಣ್ಣು ಹೆಚ್ಚಾಗಿ ಜೀವನೋಪಾಯದ ಮೇಲಿತ್ತು. 1931ರಲ್ಲಿ ಜನರನ್ನು ಸಂಪಾದಿಸುವವರು, ದುಡಿಯುವ ಅವಲಂಬಿತರು, ದುಡಿಯದ ಅವಲಂಬಿತರು ಎಂದು ವಿಂಗಡಿಸಿದರು. ಸ್ವತಂತ್ರ ಭಾರತದ ಮೊದಲ ಗಣತಿ, 1951ರದು, ಆರ್. ಎ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ನಡೆಯಿತು. ಅದು ಕೇಳಿದ್ದು: ನಿಮ್ಮ ಸಂಪಾದನೆ ನಿಮ್ಮ ಹೊಟ್ಟೆಬಟ್ಟೆಗೆ ಸಾಲುತ್ತದೆಯೇ? ಸಾಲುವವರು ಸ್ವಾವಲಂಬಿಗಳು, ಅಷ್ಟು ಸಾಲದವರು ಸಂಪಾದಿಸುವ ಅವಲಂಬಿತರು, ಏನೂ ಇಲ್ಲದವರು ಸಂಪಾದಿಸದ ಅವಲಂಬಿತರು.

1961ರಲ್ಲಿ ಅಶೋಕ್ ಮಿತ್ರ ಅವರ ನೇತೃತ್ವದಲ್ಲಿ ಗಣತಿ ಆದಾಯವನ್ನು ಬಿಟ್ಟು ದುಡಿಮೆಯನ್ನು ಹಿಡಿಯಿತು. ಬೇಸಾಯದಂಥ ಹಂಗಾಮಿನ ಕೆಲಸವಾದರೆ, ಹಂಗಾಮಿನ ಹೆಚ್ಚಿನ ಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಯತವಾಗಿ ದುಡಿದವರೆಲ್ಲ ಕೆಲಸಗಾರರು. ಕಾಯಂ ಉದ್ಯೋಗವಾದರೆ ಹಿಂದಿನ ಹದಿನೈದು ದಿನಗಳಲ್ಲಿ ಒಂದು ದಿನ ದುಡಿದಿದ್ದರೂ ಸಾಕು. ಬಲೆಯ ಕಣ್ಣು ಬಹಳ ಸಣ್ಣದಾಗಿತ್ತು. ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಅಲ್ಲೇ ಒಂದಷ್ಟು ಕಳೆ ತೆಗೆದು ಬರುವವರೂ ಸಿಕ್ಕಿದರು. ಆ ಗಣತಿಯ ಪ್ರಕಾರ ದೇಶದ ಹೆಂಗಸರಲ್ಲಿ ಕೆಲಸಗಾರರು ಶೇ. 28ರಷ್ಟು.

ಇದು ಅತಿಯಾಯಿತೆಂದು 1971ರಲ್ಲಿ ಪ್ರಶ್ನೆಯನ್ನು ತಿರುಗಿಸಿದರು. ನಿಮ್ಮ ಮುಖ್ಯ ಚಟುವಟಿಕೆ ಏನು ಎಂಬುದು ಮೊದಲ ಪ್ರಶ್ನೆಯಾಯಿತು. ಮನೆಯ ಯಜಮಾನ ಉತ್ತರಿಸುತ್ತಿದ್ದ: 'ಅವಳಾ? ಮನೇಲಿರ್ತಾಳೆ.' ಅಲ್ಲಿಗೆ ಅವಳು ಕೆಲಸ ಮಾಡದವಳು. ಹೊಲದ ಕೆಲಸ ಎರಡನೆಯ ಸಾಲಿಗೆ ಬಿತ್ತು, ಅನೇಕ ಕಡೆ ಅಲ್ಲಿಗೂ ಬರಲಿಲ್ಲ. ಫಲಿತಾಂಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ಶೇ. 12ರ ಆಸುಪಾಸಿಗೆ ಕುಸಿಯಿತು. ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಹೊಲ ಬಿಟ್ಟು ಮನೆ ಸೇರಿರಲಿಲ್ಲ. ನಾಟಿಯೂ ನಡೆದಿತ್ತು, ಕೊಯ್ಲೂ ನಡೆದಿತ್ತು. ಬದಲಾದದ್ದು ಪ್ರಶ್ನೆ.

ಅಂಕಿಅಂಶ ಓದುವ ವಿದ್ಯಾರ್ಥಿಗಳಿಗೆ 1961 ಮತ್ತು 1971ರ ಈ ಎರಡು ಸಂಖ್ಯೆಗಳನ್ನು ಮೊದಲ ಪಾಠವಾಗಿ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಸಂಖ್ಯೆ ಇಳಿದಿದೆ ಎಂದು ಕಾರಣ ಹುಡುಕುವ ಮೊದಲು ಎರಡೂ ಸಲ ಕೇಳಿದ್ದು ಒಂದೇ ಪ್ರಶ್ನೆಯೇ ಎಂದು ನೋಡಬೇಕು.

1981ರಲ್ಲಿ ರಾಜಿಯಾಯಿತು. ಇಡೀ ವರ್ಷವನ್ನು ಉಲ್ಲೇಖದ ಅವಧಿಯಾಗಿ ಇಟ್ಟುಕೊಂಡು ಮುಖ್ಯ, ಅಲ್ಪಾವಧಿ, ಕೆಲಸ ಮಾಡದವರು ಎಂಬ ಮೂರು ವಿಭಾಗ ಬಂತು. 183 ದಿನ, ಅಂದರೆ ವರ್ಷದ ಅರ್ಧ, ಗೆರೆಯಾಯಿತು. 1991ರಲ್ಲಿ ಪ್ರಶ್ನೆಯ ಒಳಗೇ 'ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದ ಕೆಲಸವೂ ಸೇರಿ' ಎಂಬ ಮಾತು ಸೇರಿತು. ಹೆಂಗಸರ ಕೆಲಸವನ್ನು ಕೆದಕಿ ಕೇಳಿ ಎಂದು ಗಣತಿದಾರರಿಗೆ ತರಬೇತಿಯಲ್ಲಿ ಒತ್ತಿ ಹೇಳಲಾಯಿತು. ಹೆಂಗಸರ ಪ್ರಮಾಣ 1981ರಲ್ಲಿ ಶೇ. 19.7, 1991ರಲ್ಲಿ 22.3, 2001ರಲ್ಲಿ 25.6 ಎಂದು ಏರಿ 2011ರಲ್ಲಿ 25.5ಕ್ಕೆ ನಿಂತಿತು. ಈ ಏರಿಕೆಯಲ್ಲಿ ಹೊಸ ಕೆಲಸದ ಪಾಲು ಎಷ್ಟು, ಪ್ರಶ್ನೆ ಹರಿತವಾದದ್ದರ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ.

ನ್ಯಾಯಾಲಯದ ಮೆಟ್ಟಿಲೇರಿದ ಕಾಲಂ

ಗಣತಿಯ ಕಾಲಂ ನ್ಯಾಯಾಲಯದಲ್ಲಿ ಚರ್ಚೆಯಾದ ಸಂದರ್ಭವೂ ಇದೆ. ರಸ್ತೆ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಕುಟುಂಬಕ್ಕೆ ಎಷ್ಟು ಪರಿಹಾರ ಕೊಡಬೇಕೆಂಬ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಬಳ ತರದವರ ಆದಾಯ ಎಷ್ಟೆಂದು ಹಿಡಿಯುವುದು ಎಂಬುದು ಪ್ರಶ್ನೆ. 2010ರ ಜುಲೈನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಎ. ಕೆ. ಗಂಗೂಲಿ ಅವರು 2001ರ ಗಣತಿಯತ್ತ ಬೊಟ್ಟು ಮಾಡಿದರು. ಸುಮಾರು 36 ಕೋಟಿ ಮಹಿಳೆಯರನ್ನು ಕೆಲಸ ಮಾಡದವರೆಂದು ದಾಖಲಿಸಿ ಭಿಕ್ಷುಕರು, ವೇಶ್ಯೆಯರು, ಕೈದಿಗಳು ಇರುವ ಗುಂಪಿನಲ್ಲಿ ಕೂಡಿಸಿರುವುದು ಮಹಿಳೆಯರ ಬಗ್ಗೆ ನಮಗಿರುವ ಅಸಡ್ಡೆಯನ್ನು ತೋರುತ್ತದೆ ಎಂಬುದು ಅವರ ಆಕ್ಷೇಪ.

ಗಣತಿಯ ಪರವಾಗಿಯೂ ಒಂದು ಮಾತು ಹೇಳಬಹುದು. ರಾಷ್ಟ್ರೀಯ ಆದಾಯದ ಲೆಕ್ಕದ ಒಳಗೆ ಬಾರದ ದುಡಿಮೆಯನ್ನು ಉದ್ಯೋಗವೆಂದು ಬರೆದರೆ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದರೆ ಅಳತೆಯ ಅನುಕೂಲಕ್ಕೆ ಎಳೆದ ಗೆರೆ ಕ್ರಮೇಣ ಗೌರವದ ಗೆರೆಯಾಗಿಬಿಡುತ್ತದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಗಣತಿಯಲ್ಲಿ ಸೊನ್ನೆಯಾಗಿ ಕಾಣುವ ದುಡಿಮೆ ಅಲ್ಲಿ ಐದು ಗಂಟೆಯಾಗಿ ಕಂಡಿತು.

ಅಡಿಕೆ ಬೆಳೆಗಾರ ಯಾರು?

ಇನ್ನು ಕೆಲಸಗಾರರ ಒಳವಿಂಗಡಣೆ. 2001ರಿಂದ ಗಣತಿಯ ಮೊದಲ ಕೋಷ್ಟಕಗಳಲ್ಲಿ ನಾಲ್ಕೇ ವರ್ಗ: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರ ಕೆಲಸಗಾರರು. ನಮ್ಮ ರಾಜ್ಯದವರು ಇಲ್ಲಿ ಸ್ವಲ್ಪ ಎಚ್ಚರದಿಂದ ಓದಬೇಕು. ಗಣತಿಯ ವ್ಯಾಖ್ಯೆಯಲ್ಲಿ ಭತ್ತ, ರಾಗಿ, ಜೋಳ, ಕಬ್ಬು, ಹತ್ತಿ, ತರಕಾರಿ ಬೆಳೆಯುವುದು ಸಾಗುವಳಿ. ಟೀ, ಕಾಫಿ, ರಬ್ಬರ್, ತೆಂಗು, ಅಡಿಕೆ ಬೆಳೆಯುವುದು ಸಾಗುವಳಿಯ ಹೊರಗೆ, ತೋಟಗಾರಿಕೆಯ ಲೆಕ್ಕಕ್ಕೆ. ಹಾಗಾಗಿ ಶಿರಸಿ, ಸಾಗರದ ಅಡಿಕೆ ತೋಟದವರು, ಕೊಡಗಿನ ಕಾಫಿ ಬೆಳೆಗಾರರು, ತಿಪಟೂರಿನ ತೆಂಗಿನ ತೋಟದವರು ಅಷ್ಟನ್ನೇ ನೆಚ್ಚಿಕೊಂಡಿದ್ದರೆ ಗಣತಿಯಲ್ಲಿ ಅವರು 'ಇತರ ಕೆಲಸಗಾರರು'. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್, ಬ್ಯಾಂಕ್ ಗುಮಾಸ್ತ, ದೇವಸ್ಥಾನದ ಅರ್ಚಕರು ಎಲ್ಲ ಇರುವ ವರ್ಗವೂ ಅದೇ. ಮಲೆನಾಡಿನ ತಾಲ್ಲೂಕಿನಲ್ಲಿ ಸಾಗುವಳಿದಾರರು ಕಡಿಮೆ ಕಂಡರೆ ಅಲ್ಲಿ ರೈತರಿಲ್ಲ ಎಂದು ತೀರ್ಮಾನಿಸುವವರು ತೋಟಗಳನ್ನು ಮರೆತಿರುತ್ತಾರೆ.

ಗೃಹ ಕೈಗಾರಿಕೆಗೂ ಇಂಥದೇ ನಿಯಮ. ಹಳ್ಳಿಯಲ್ಲಾದರೆ ಮನೆಯವರೇ ಹೆಚ್ಚಾಗಿ ದುಡಿಯುವ ಉದ್ದಿಮೆ ಊರಿನೊಳಗೆ ಎಲ್ಲಿದ್ದರೂ ಆಗುತ್ತದೆ. ಪಟ್ಟಣದಲ್ಲಾದರೆ ಮನೆಯ ಆವರಣದೊಳಗೇ ಇರಬೇಕು. ಇಳಕಲ್‌ನಲ್ಲಿ ಮನೆಯ ಮಗ್ಗದಲ್ಲಿ ಸೀರೆ ನೇಯುವವರು ಗೃಹ ಕೈಗಾರಿಕೆಯವರು. ಅದೇ ಸೀರೆಯನ್ನು ಪಕ್ಕದ ಬೀದಿಯ ಶೆಡ್ಡಿನಲ್ಲಿ ನೇಯ್ದರೆ ಇತರ ಕೆಲಸಗಾರರು.

ಇಷ್ಟು ಎಚ್ಚರವಿಟ್ಟುಕೊಂಡರೂ ನಿಜವೆಂದು ಒಪ್ಪಲೇಬೇಕಾದ ಒಂದು ಬದಲಾವಣೆಯನ್ನು 2011ರ ಗಣತಿ ತೋರಿಸಿತು. 2001ರಲ್ಲಿ ದೇಶದಲ್ಲಿ 12.73 ಕೋಟಿ ಸಾಗುವಳಿದಾರರು, 10.68 ಕೋಟಿ ಕೃಷಿ ಕಾರ್ಮಿಕರು. 2011ರಲ್ಲಿ ಸಾಗುವಳಿದಾರರು 11.88 ಕೋಟಿಗೆ ಇಳಿದರು, ಕೃಷಿ ಕಾರ್ಮಿಕರು 14.43 ಕೋಟಿಗೆ ಏರಿದರು. ಈ ಎರಡು ಗಣತಿಗಳ ನಡುವೆ ವ್ಯಾಖ್ಯೆ ಹೆಚ್ಚೇನೂ ಬದಲಾಗಿರಲಿಲ್ಲ. ಸ್ವಂತ ಅಥವಾ ಗುತ್ತಿಗೆ ನೆಲವನ್ನು ನೆಚ್ಚಿದವರಿಗಿಂತ ಇನ್ನೊಬ್ಬರ ಹೊಲದ ಕೂಲಿಯನ್ನು ನೆಚ್ಚಿದವರೇ ಹೆಚ್ಚಾದರು. ಕೂಲಿ ಎಂದರೆ ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. ಇಲ್ಲಿಂದ ನಿರುದ್ಯೋಗದ ಮಾತಿಗೆ ಬರಬಹುದು.

ಒಂದೇ ದೇಶ, ಹಲವು ನಿರುದ್ಯೋಗ

ಮಾಸಿಕ ಸಂಬಳದ ಸಮಾಜದಲ್ಲಿ ನಿರುದ್ಯೋಗಿಯನ್ನು ಗುರುತಿಸುವುದು ಸುಲಭ: ನಿನ್ನೆಯವರೆಗೆ ಕೆಲಸವಿತ್ತು, ಇವತ್ತಿಲ್ಲ. ಅಂಥ ಅಮೆರಿಕದಲ್ಲಿಯೂ ಗಣತಿ ಈ ಕೆಲಸಕ್ಕೆ ಸಾಲಲಿಲ್ಲ. ಮಹಾ ಆರ್ಥಿಕ ಕುಸಿತದ ಬೆನ್ನಲ್ಲೇ 1930ರಲ್ಲಿ ನಡೆದ ಅಲ್ಲಿನ ಗಣತಿಯ ನಿರುದ್ಯೋಗದ ಅಂಕಿ ದೊಡ್ಡ ವಿವಾದಕ್ಕೆ ಸಿಕ್ಕಿಕೊಂಡಿತು. 1940ರ ಗಣತಿಯಲ್ಲಿ ಒಂದು ನಿರ್ದಿಷ್ಟ ವಾರವನ್ನು ಹಿಡಿದು, ಆ ವಾರ ದುಡಿದಿರಾ, ಇಲ್ಲವಾದರೆ ಹುಡುಕುತ್ತಿದ್ದಿರಾ ಎಂದು ಕೇಳಿದರು. ಅದೇ ವರ್ಷ ತಿಂಗಳ ಮಾದರಿ ಸಮೀಕ್ಷೆಯೂ ಶುರುವಾಯಿತು. ಇಂದು ಅಲ್ಲಿನ ನಿರುದ್ಯೋಗ ದರ ಬರುವುದು ಆ ಸಮೀಕ್ಷೆಯ ಪರಂಪರೆಯಿಂದ.

ಆ ಅಳತೆಯನ್ನು ನಮ್ಮಲ್ಲಿಗೆ ಹಾಗೆಯೇ ತಂದರೆ ಹೊಂದುವುದಿಲ್ಲ ಎಂದು ಗುರುತಿಸಿದ್ದು ಅರ್ಥಶಾಸ್ತ್ರಜ್ಞ ಎಂ. ಎಲ್. ದಾಂತ್‌ವಾಲಾ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ. 1970ರಲ್ಲಿ ಬಂದ ಅದರ ವರದಿ, ಸ್ವಂತ ಉದ್ಯೋಗ ಮತ್ತು ಮನೆಮಂದಿಯ ದುಡಿಮೆ ತುಂಬಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಗೆ ಇಳಿಸಬಾರದು ಎಂದಿತು. ಅದರ ಫಲವಾಗಿ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಮೂರು ಅಳತೆ ಬಂದವು: ಇಡೀ ವರ್ಷದ ಸಾಮಾನ್ಯ ಸ್ಥಿತಿ, ಕಳೆದ ವಾರದ ಸ್ಥಿತಿ, ವಾರದ ಒಂದೊಂದು ದಿನದ ಸ್ಥಿತಿ. 2017ರಿಂದ ಈ ಕೆಲಸವನ್ನು ಆವರ್ತಕ ಕಾರ್ಮಿಕ ಬಲ ಸಮೀಕ್ಷೆ ಮಾಡುತ್ತಿದೆ. 2023-24ರ ಅದರ ವರದಿಯಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ ವರ್ಷದ ಅಳತೆಯಲ್ಲಿ ಶೇ. 3.2, ವಾರದ ಅಳತೆಯಲ್ಲಿ ಶೇ. 4.9. ಅದೇ ವರ್ಷ, ಅದೇ ಕುಟುಂಬಗಳು. ಟಿವಿ ಚರ್ಚೆಯಲ್ಲಿ ಒಬ್ಬರು ಮೊದಲನೆಯದನ್ನು ಹಿಡಿದು, ಇನ್ನೊಬ್ಬರು ಎರಡನೆಯದನ್ನು ಹಿಡಿದು ಕೂಗಾಡಿದರೆ ಇಬ್ಬರ ಅಂಕಿಯೂ ಸರಿಯೇ.

ವಾರದ ಅಳತೆಯಲ್ಲೂ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಉದ್ಯೋಗಸ್ಥರು. ಈಗ ಧಾರವಾಡದ ಬಾಡಿಗೆ ಕೋಣೆಯಲ್ಲಿ ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದುತ್ತಿರುವ ಪದವೀಧರನನ್ನೂ ಕಲ್ಯಾಣ ಕರ್ನಾಟಕದಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುವ ಅವನ ಅಣ್ಣನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ. ತಮ್ಮನಿಗೆ ಮನೆಯಿಂದ ದುಡ್ಡು ಬರುತ್ತದೆ, ಅವನು ಕಾಯಬಲ್ಲ, ಅವನು ನಿರುದ್ಯೋಗಿ. ಅಣ್ಣನಿಗೆ ಕಾಯುವ ಅನುಕೂಲವಿಲ್ಲ. ಸಿಕ್ಕ ಕೂಲಿಗೆ, ಸಿಕ್ಕ ದಿನ ಹೋಗುತ್ತಾನೆ, ಅವನು ಉದ್ಯೋಗಸ್ಥ. ನಿರುದ್ಯೋಗಿಯಾಗಿ ಇರುವುದಕ್ಕೂ ಸ್ವಲ್ಪ ಆಸರೆ ಬೇಕು. ನಮ್ಮ ನಿರುದ್ಯೋಗ ದರದಲ್ಲಿ ಓದಿದ ಯುವಕರ ಪಾಲು ಎದ್ದು ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಹಾಗಾದರೆ ಅಣ್ಣನ ಕೆಲಸದ ಬರ ಎಲ್ಲಿ ದಾಖಲಾಗಬೇಕು?

ಅಲ್ಪಾವಧಿಯ ಕಾಲಂ

2011ರಲ್ಲಿ ದೇಶದ ಒಟ್ಟು ಕೆಲಸಗಾರರು 48.17 ಕೋಟಿ. ಅವರಲ್ಲಿ ಮುಖ್ಯ ಕೆಲಸಗಾರರು 36.24 ಕೋಟಿ, ಅಲ್ಪಾವಧಿಯವರು 11.93 ಕೋಟಿ. ಅಂದರೆ 'ಕೆಲಸಗಾರರು' ಎಂದು ನಾವು ಎಣಿಸಿದ ನಾಲ್ವರಲ್ಲಿ ಒಬ್ಬರಿಗೆ ವರ್ಷದಲ್ಲಿ ಆರು ತಿಂಗಳ ಕೆಲಸವೂ ಇರಲಿಲ್ಲ. ದುಡಿಯುವ ಗಂಡಸರಲ್ಲಿ ಇಂಥವರು ಶೇ. 18ರಷ್ಟು, ದುಡಿಯುವ ಹೆಂಗಸರಲ್ಲಿ ಶೇ. 40ರಷ್ಟು. ಆ ಹೊತ್ತಿಗೆ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತ್ತು. ಆ 100 ದಿನವೂ ಒಬ್ಬರಿಗೇ ಸಿಕ್ಕಿ, ಬೇರೆ ಕೆಲಸ ಸಿಗದಿದ್ದರೆ ಅವರು ಅಲ್ಪಾವಧಿ ಕೆಲಸಗಾರರೇ.

ಈ ಕಾಲಂನಲ್ಲಿರುವ ಎಲ್ಲರೂ ಕೆಲಸ ಸಿಗದೆ ಅಲ್ಲಿಗೆ ಬಂದವರಲ್ಲ. ರಜೆಯಲ್ಲಿ ಅಪ್ಪನ ಅಂಗಡಿ ನೋಡಿಕೊಂಡ ಹುಡುಗ, ಸುಗ್ಗಿಯಲ್ಲಿ ಮಾತ್ರ ಕೈಜೋಡಿಸುವ ಅಜ್ಜಿ ಕೂಡ ಅಲ್ಲಿದ್ದಾರೆ. ಅದಕ್ಕಾಗಿಯೇ 22ನೆಯ ಪ್ರಶ್ನೆ ಬೇಕಾಗುತ್ತದೆ. ಅಲ್ಪಾವಧಿ ಕೆಲಸಗಾರರಲ್ಲಿ ಇನ್ನಷ್ಟು ಕೆಲಸ ಬೇಕೆಂದವರು ಎಷ್ಟು ಎಂಬುದನ್ನು ಗಣತಿಯ ಬಿ-ಸರಣಿಯ ಕೋಷ್ಟಕಗಳು ವಯಸ್ಸು, ಲಿಂಗವಾರು ಕೊಡುತ್ತವೆ. ಪತ್ರಿಕೆಗಳ ಮುಖಪುಟಕ್ಕೆ ಬಾರದ ಆ ಕೋಷ್ಟಕವೇ ಗಣತಿಯಲ್ಲಿ ಬಡವರ ನಿರುದ್ಯೋಗಕ್ಕೆ ಹೆಚ್ಚು ಹತ್ತಿರವಾದ ದಾಖಲೆ.

ಓದುವಾಗ ಇನ್ನೊಂದು ಜಾರುವ ಜಾಗವಿದೆ. ಗಣತಿ ಕೆಲಸಗಾರರ ಪ್ರಮಾಣವನ್ನು ತೊಟ್ಟಿಲ ಕೂಸಿನಿಂದ ಹಿಡಿದು ಒಟ್ಟು ಜನಸಂಖ್ಯೆಯ ಮೇಲೆ ಕಟ್ಟುತ್ತದೆ. 2011ರಲ್ಲಿ ದೇಶಕ್ಕೆ ಅದು ಶೇ. 39.8, ಕರ್ನಾಟಕಕ್ಕೆ ಶೇ. 45.6, ನಮ್ಮ ರಾಜ್ಯದ ಗಂಡಸರಲ್ಲಿ 59, ಹೆಂಗಸರಲ್ಲಿ 31.9. ಸಮೀಕ್ಷೆಗಳು ಸಾಮಾನ್ಯವಾಗಿ 15 ವರ್ಷ ಮೇಲ್ಪಟ್ಟವರನ್ನು ಆಧಾರವಾಗಿಟ್ಟುಕೊಳ್ಳುತ್ತವೆ. ಗಣತಿಯ 25.5ನ್ನು ಸಮೀಕ್ಷೆಯ ಅಂಕಿಯ ಪಕ್ಕದಲ್ಲಿಟ್ಟು ಹೆಂಗಸರ ದುಡಿಮೆ ಜಿಗಿಯಿತು ಎನ್ನುವುದು ಎರಡು ಬೇರೆ ಮೊಳಗಳಿಂದ ಬಟ್ಟೆ ಅಳೆದಂತೆ. ವಯಸ್ಸಿನ ಗೆರೆ ಇಲ್ಲದ್ದರಿಂದ ಒಂದು ಪ್ರಯೋಜನವೂ ಇದೆ: 5ರಿಂದ 14 ವರ್ಷದೊಳಗಿನ 1.01 ಕೋಟಿ ಮಕ್ಕಳು ದುಡಿಯುತ್ತಿದ್ದಾರೆ ಎಂಬುದನ್ನು 2011ರ ಗಣತಿ ದಾಖಲಿಸಿತು.

ಮುಂದಿನ ಎಣಿಕೆ

2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಈಗ ದೇಶದ ಹೆಚ್ಚಿನ ಭಾಗಕ್ಕೆ 2027ರ ಮಾರ್ಚ್ 1 ಉಲ್ಲೇಖದ ದಿನವೆಂದು ಗೊತ್ತುಪಡಿಸಿದ್ದಾರೆ. ಸಮೀಕ್ಷೆಗಳಿವೆಯಲ್ಲ, ಗಣತಿ ತಡವಾದರೇನು ಎನ್ನುವವರಿದ್ದಾರೆ. ಸಮೀಕ್ಷೆಗೆ ಹಳ್ಳಿಗಳನ್ನು ಆರಿಸಲು ಪಟ್ಟಿ ಬೇಕು, ಆ ಪಟ್ಟಿಗೆ ಗಣತಿಯೇ ಮೂಲ. ಸಮೀಕ್ಷೆ ರಾಜ್ಯದ ಮಟ್ಟದಲ್ಲಿ ಚೆನ್ನಾಗಿ ಮಾತಾಡುತ್ತದೆ. ನಿಮ್ಮ ಹಳ್ಳಿಯಲ್ಲಿ ಎಷ್ಟು ಮಂದಿಗೆ ಆರು ತಿಂಗಳೂ ಕೆಲಸವಿಲ್ಲ ಎಂದು ಹೇಳಬಲ್ಲದ್ದು ಗಣತಿ ಮಾತ್ರ.

ಈ ಸಲ ಮೊಬೈಲ್ ಆ್ಯಪ್ ಬಳಕೆಯಾಗುತ್ತದೆ, ಜನರು ತಮ್ಮ ವಿವರವನ್ನು ತಾವೇ ತುಂಬುವ ಅವಕಾಶವೂ ಇದೆ. ಸಮಯ ಉಳಿಯುತ್ತದೆ, ತಪ್ಪುಗಳೂ ಕಡಿಮೆಯಾದಾವು. ನನಗಿರುವ ಆತಂಕ ಬೇರೆ. ಮೂವತ್ತು ವರ್ಷಗಳ ತರಬೇತಿಯಿಂದ ಗಣತಿ ಗಳಿಸಿದ್ದು ಕೆದಕಿ ಕೇಳುವ ಅಭ್ಯಾಸ. 'ಮನೇಲಿರ್ತಾಳೆ' ಎಂದ ಯಜಮಾನನಿಗೆ 'ಹಸು ಯಾರು ನೋಡ್ಕೋತಾರೆ? ಕಡಲೆಕಾಯಿ ಕೀಳೋಕೆ ಯಾರು ಹೋಗ್ತಾರೆ?' ಎಂದು ಮರುಪ್ರಶ್ನೆ ಹಾಕುತ್ತಿದ್ದ ಶಿಕ್ಷಕಿ ಮೊಬೈಲ್ ತೆರೆಯಲ್ಲಿ ಇರುವುದಿಲ್ಲ. ಯಜಮಾನನ ಬೆರಳೇ ಉತ್ತರ ಒತ್ತಿದರೆ 1971ರ ಕಥೆ ಮತ್ತೆ ನಡೆಯಬಹುದು.

ಆದ್ದರಿಂದ ಎರಡು ವಿನಂತಿ. ಗಣತಿ ಕರ್ತವ್ಯಕ್ಕೆ ಹೋಗಲಿರುವ ಅಧ್ಯಾಪಕರು ಸಾಧ್ಯವಾದ ಕಡೆ ಹೆಂಗಸರ ವಿವರವನ್ನು ಹೆಂಗಸರಿಂದಲೇ ಕೇಳಿ ಬರೆದುಕೊಳ್ಳಿ. ತಿಂಗಳುಗಳನ್ನು ಬೆಳೆಯ ಹಂಗಾಮು, ಹಬ್ಬಗಳ ಆಧಾರದಲ್ಲಿ ಎಣಿಸಿ ಕೊಡಿ. ಉತ್ತರ ಕೊಡುವ ನಾವು, ಮನೆಯಲ್ಲಿ ಯಾರು ಎಷ್ಟು ತಿಂಗಳು ದುಡಿದರು, ಇನ್ನೂ ಎಷ್ಟು ದುಡಿಯಲು ಸಿದ್ಧರಿದ್ದೇವೆ ಎಂಬುದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳದೆ ಹೇಳೋಣ. 1948ರ ಗಣತಿ ಕಾಯ್ದೆಯ ಪ್ರಕಾರ ಒಬ್ಬರ ವಿವರವನ್ನು ಬೇರೆಯವರು ನೋಡುವಂತಿಲ್ಲ, ಗಣತಿ ದಾಖಲೆಯನ್ನು ಸಾಕ್ಷ್ಯವೆಂದು ನ್ಯಾಯಾಲಯಕ್ಕೆ ತರುವಂತೆಯೂ ಇಲ್ಲ. ಫಲಿತಾಂಶ ಬಂದ ದಿನ ವಿದ್ಯಾರ್ಥಿಗಳು ಒಟ್ಟು ಕೆಲಸಗಾರರ ಸಂಖ್ಯೆ ನೋಡಿ ಪುಟ ಮುಚ್ಚಬಾರದು. ನಿಮ್ಮ ತಾಲ್ಲೂಕಿನ ಅಲ್ಪಾವಧಿಯ ಕಾಲಂ ಹುಡುಕಿ, 2011ರ ಅಂಕಿಯ ಜೊತೆ ಹೋಲಿಸಿ, ಎರಡೂ ಸಲ ಪ್ರಶ್ನೆ ಒಂದೇ ಇತ್ತೇ ಎಂದು ಮೊದಲು ನೋಡಿಕೊಳ್ಳಿ. ಕೆಲಸ ಹೆಚ್ಚಿದೆಯೋ ಇಲ್ಲವೋ ಎಂಬ ವಾದವನ್ನು ಆಮೇಲೆ ಶುರುಮಾಡಬಹುದು.